ಬಾಗಿಲೋ, ದ್ವಾರವೋ, ಅಗಸಿಯೋ? ದಾಟುವ ಜಾಗಕ್ಕೆ ಸರಿಯಾದ ಪದ ಆರಿಸುವುದು ಹೇಗೆ

ಊರ ಮುಂದೆ ಹೊಸದಾಗಿ ಕಲ್ಲಿನ ಕಮಾನು ಎದ್ದಿದೆ. ಅದರ ಮೇಲೆ 'ಮಹಾದ್ವಾರ' ಅಂತ ಕೆತ್ತಿಸಬೇಕೋ 'ಹೆಬ್ಬಾಗಿಲು' ಅಂತಲೋ ಎಂಬ ಚರ್ಚೆ ನಡೆದಿದೆ. ಮಕ್ಕಳ ಕಥೆ ಬರೆಯುವವರಿಗೆ ಇನ್ನೊಂದು ಲೋಕಕ್ಕೆ ಕರೆದೊಯ್ಯುವ ದಾರಿಯನ್ನು ಏನೆಂದು ಕರೆಯಬೇಕು ಎಂಬ ಗೊಂದಲ. ಪ್ರವಾಸಿ ಕೈಪಿಡಿ ಬರೆಯುವವರು ದರವಾಜಾ, ಬಾಗಿಲು, ಗೇಟು ಮೂರನ್ನೂ ಒಂದೇ ಪುಟದಲ್ಲಿ ಕಲಸಿಬಿಟ್ಟು, ಆಮೇಲೆ ಯಾವುದನ್ನು ಉಳಿಸಲಿ ಅಂತ ಕೇಳುತ್ತಾರೆ. ಇಂಥ ಪ್ರಶ್ನೆಗಳು ಆಗಾಗ ಬರುತ್ತಲೇ ಇರುತ್ತವೆ. ಆದ್ದರಿಂದ ಈ ಪದಗಳನ್ನೆಲ್ಲ ಒಂದೇ ಕಡೆ ಇಟ್ಟು ತೂಗಿ ನೋಡೋಣ ಅನಿಸಿತು.

ಕನ್ನಡದಲ್ಲಿ ಇದಕ್ಕೆ ಪದಗಳ ಕೊರತೆ ಇಲ್ಲವೇ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಭಾರಿಯಾಗಿ ಕೇಳಿಸುವ ಒಂದೆರಡು ಪದಗಳನ್ನೇ ಎಲ್ಲ ಕಡೆ ಹಾಕುತ್ತಿದ್ದೇವೆ. ಅದರಿಂದ ಊರೂರಿನ ಪದಗಳು ಬೋರ್ಡಿನಿಂದಲೂ ಪುಸ್ತಕದಿಂದಲೂ ಜಾರಿಹೋಗುತ್ತಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮೊದಲು, ಏನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು, ಆ ಪದದ ಜೊತೆ ಯಾವ ಕೆಲಸ ಬರುತ್ತದೆ ಎಂಬುದು. ಬಾಗಿಲನ್ನು ತಟ್ಟುತ್ತೇವೆ, ತೆಗೆಯುತ್ತೇವೆ, ಹಾಕುತ್ತೇವೆ. ತೋರಣ ಕಟ್ಟುತ್ತೇವೆ. ಅಗಸಿ, ಅಂದರೆ ಉತ್ತರ ಕರ್ನಾಟಕದ ಊರ ಬಾಗಿಲು, ದಾಟುತ್ತೇವೆ. ಹೊಸ್ತಿಲ ಮೇಲೆ ನಿಲ್ಲಬೇಡ ಅಂತ ಮಕ್ಕಳಿಗೆ ಹೇಳುತ್ತೇವೆ. ಕಮಾನಿನ ಕೆಳಗೆ ಹಾದುಹೋಗುತ್ತೇವೆ. ದ್ವಾರವನ್ನು ಮಾತ್ರ ಯಾರೂ ತಟ್ಟುವುದಿಲ್ಲ. ನಿಮ್ಮ ವಾಕ್ಯದಲ್ಲಿ ಮನುಷ್ಯ ಅಲ್ಲಿಗೆ ಬಂದು ಏನು ಮಾಡುತ್ತಾನೆ ಎಂದು ಬರೆದುಕೊಳ್ಳಿ. ಅರ್ಧ ಪದಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಎರಡನೆಯದು, ಅದನ್ನು ಮುಚ್ಚಲು ಆಗುತ್ತದೆಯೇ? ಕೋಟೆಯ ಬಾಗಿಲು ಕಟ್ಟಿದ್ದೇ ಮುಚ್ಚುವುದಕ್ಕೆ. ಸ್ವಾಗತ ಕಮಾನನ್ನು ಮುಚ್ಚುವ ಮಾತೇ ಇಲ್ಲ. ಮೂರನೆಯದು, ಓದುವವರು ಯಾವ ಕಡೆಯವರು. ಧಾರವಾಡದವರಿಗೆ ಸಲೀಸಾದ ಪದ ಮಂಡ್ಯದವರಿಗೆ ಅರ್ಥವಾಗದೆ ಇರಬಹುದು.

ನಾಲ್ಕನೆಯದು ಖರ್ಚು ಮತ್ತು ಜಾಗ. ಕಲ್ಲಿನಲ್ಲೋ ಲೋಹದಲ್ಲೋ ಅಕ್ಷರ ಮಾಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಅಕ್ಷರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಒತ್ತಕ್ಷರ ಬಂದರೆ ಸಾಲಿನ ಕೆಳಗೆ ಇನ್ನಷ್ಟು ಜಾಗ ಬೇಕು. ಬಾಗಿಲು, ಅಗಸಿ, ಕಮಾನು, ತೋರಣ, ಗೋಪುರ ಇವೆಲ್ಲ ಮೂರೇ ಅಕ್ಷರದವು, ಒತ್ತು ಇಲ್ಲ. ಹೆಬ್ಬಾಗಿಲು, ಮಹಾದ್ವಾರ ನಾಲ್ಕು ಅಕ್ಷರ, ಒಂದೊಂದು ಒತ್ತು. ಪ್ರವೇಶದ್ವಾರ ಐದು ಅಕ್ಷರ, ಎರಡು ಒತ್ತು. ಕಿರಿದಾದ ಪಟ್ಟಿಯಲ್ಲಿ ಒತ್ತಕ್ಷರ ತುರುಕಿದರೆ ದೂರದಿಂದ ಓದಲು ಕಷ್ಟ.

ಕೊನೆಯದು, ಆಚೆ ಏನಿದೆ? ನಿಜವಾದ ಊರು ಇದೆಯೋ, ವೈಕುಂಠ ಇದೆಯೋ, ಪಾತಾಳ ಇದೆಯೋ? ಕಲ್ಪನೆಯ ಬಾಗಿಲುಗಳ ಲೆಕ್ಕ ಬೇರೆಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಗಿಲು: ಮೊದಲು ಇದನ್ನೇ ಹಾಕಿ ನೋಡಿ

ತಮಿಳಿನ ವಾಯಿಲ್, ತೆಲುಗಿನ ವಾಕಿಲಿ, ಕನ್ನಡದ ಬಾಗಿಲು ಒಂದೇ ಮನೆತನದ ಪದಗಳು. ಬಾಯಿ ಮತ್ತು ಇಲ್ ಸೇರಿ ಆದ ಪದ ಇದು. ಇಲ್ ಅಂದರೆ ಮನೆ. ಅಡುಗೆಮನೆಯಿಂದ ಕೋಟೆಯವರೆಗೆ ಇದು ಎಲ್ಲ ಕಡೆ ನಿಲ್ಲುತ್ತದೆ. ಚಿತ್ರದುರ್ಗದ ಕೋಟೆಯಂಥ ಕೋಟೆಯಲ್ಲೇ ಹೆಸರುಗಳು ರಂಗಯ್ಯನ ಬಾಗಿಲು, ಸಂತೆ ಬಾಗಿಲು, ಉಚ್ಚಂಗಿ ಬಾಗಿಲು ಅಂತ ಇವೆ. ಅಷ್ಟು ದೊಡ್ಡ ಕಲ್ಲಿನ ಕಟ್ಟಡಕ್ಕೆ ಬಾಗಿಲು ಎಂಬ ಪದ ಚಿಕ್ಕದಾಯಿತು ಅಂತ ಯಾರಿಗೂ ಅನಿಸಿಲ್ಲ. ಶ್ರೀರಂಗಪಟ್ಟಣದಲ್ಲಿ ಮೈಸೂರು ಬಾಗಿಲು, ಬೆಂಗಳೂರು ಬಾಗಿಲು ಇವೆ. ಕೆಂಪೇಗೌಡರು ಕಟ್ಟಿದ ಬೆಂಗಳೂರಿಗೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ್ಯ ಬಾಗಿಲು: ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ.

ಇಲ್ಲಿ ಒಂದು ಸಂಗತಿ ಗಮನಿಸಿ. ಶ್ರೀರಂಗಪಟ್ಟಣ, ಬೆಂಗಳೂರಿನ ಈ ಬಾಗಿಲುಗಳಿಗೆ ಇಟ್ಟಿರುವುದು ಒಳಗಿನ ಊರಿನ ಹೆಸರಲ್ಲ, ಆಚೆಯ ಊರಿನ ಹೆಸರು. ಇಲ್ಲಿಂದ ಹೊರಟರೆ ಎಲ್ಲಿಗೆ ಹೋಗುತ್ತೀರಿ ಎಂದು ಹೆಸರೇ ಹೇಳುತ್ತದೆ. ಹೊಸ ಬಡಾವಣೆಗೋ ವಿಶ್ವವಿದ್ಯಾಲಯದ ಆವರಣಕ್ಕೋ ಬಾಗಿಲುಗಳ ಹೆಸರು ಹುಡುಕುತ್ತಿದ್ದರೆ ಈ ಹಳೆಯ ಪದ್ಧತಿ ಬಹಳ ಒಳ್ಳೆಯದು. ಬಂದವರಿಗೆ ದಾರಿಯೂ ಗೊತ್ತಾಗುತ್ತದೆ.

ಬಾಗಿಲಿನ ಒಂದು ದೌರ್ಬಲ್ಯ ಹೇಳಲೇಬೇಕು. ದಾಟುವ ಜಾಗಕ್ಕೂ ಅದೇ ಪದ, ಮುಚ್ಚುವ ಹಲಗೆಗೂ ಅದೇ ಪದ. 'ಬಾಗಿಲಲ್ಲಿ ನಿಂತಿದ್ದಾರೆ' ಅನ್ನುತ್ತೇವೆ, 'ಬಾಗಿಲಿಗೆ ಬಣ್ಣ ಬಳಿದರು' ಅಂತಲೂ ಅನ್ನುತ್ತೇವೆ. ಎರಡನ್ನೂ ಬಿಡಿಸಿ ಹೇಳಬೇಕಾದ ಬರಹದಲ್ಲಿ, ಉದಾಹರಣೆಗೆ ಹಳೆಯ ಮನೆಯ ಮರಗೆಲಸ ವಿವರಿಸುವಾಗ, ಹಲಗೆಗೆ ಕದ ಅನ್ನಿ, ಸುತ್ತಲಿನ ಚೌಕಟ್ಟಿಗೆ ಬಾಗಿಲುವಾಡ ಅನ್ನಿ. ಕರಾವಳಿಯವರು ಇದಕ್ಕೇ ದಾರಂದ ಅನ್ನುತ್ತಾರೆ. ಕದಕ್ಕೆ ಇನ್ನೊಂದು ಗುಣ ಇದೆ. ಕೇಳಿಕೊಂಡು ಬಂದವರ ಚಿತ್ರ ಅದರಲ್ಲಿದೆ. 'ನ್ಯಾಯಾಲಯದ ಕದ ತಟ್ಟಿದರು' ಅಂತ ಪತ್ರಿಕೆಗಳು ಬರೆಯುವುದು ಅದಕ್ಕೇ.

ಇನ್ನೊಂದು ಎಚ್ಚರಿಕೆ ವ್ಯಾಪಾರದವರಿಗೆ. ಬಾಗಿಲು ಹಾಕುವುದು ಅಂದರೆ ವ್ಯವಹಾರ ನಿಲ್ಲಿಸುವುದು ಎಂಬ ಅರ್ಥವೂ ಇದೆ. ಹಾಗಾಗಿ 'ಸಂಜೆ 6ಕ್ಕೆ ಬಾಗಿಲು ಹಾಕಲಾಗುವುದು' ಅಂತ ಬರೆದರೆ ತೊಂದರೆ ಇಲ್ಲ. ಹೊತ್ತು ಹೇಳದೆ 'ಬಾಗಿಲು ಹಾಕಿದೆ' ಅಂತ ಹಾಕಬೇಡಿ.

ಹಿಂಬಾಗಿಲು ಅಂದರೆ ಹಿತ್ತಿಲ ಕಡೆಯ ಬಾಗಿಲು ಅಷ್ಟೇ. ಆದರೆ ಸುದ್ದಿ ಬರಹದಲ್ಲಿ ಅದಕ್ಕೆ ಅಕ್ರಮದ ವಾಸನೆ ಅಂಟಿಕೊಂಡಿದೆ. ಹಿಂಬಾಗಿಲ ನೇಮಕಾತಿ, ಹಿಂಬಾಗಿಲಿನಿಂದ ಅಧಿಕಾರ ಅನ್ನುತ್ತಾರಲ್ಲ, ಹಾಗೆ. ನಿಮ್ಮ ಕಛೇರಿಯ ಹಿಂದಿನ ಪ್ರವೇಶವನ್ನು ತೋರಿಸಬೇಕಿದ್ದರೆ 'ಹಿಂಭಾಗದ ಬಾಗಿಲು' ಅನ್ನುವುದು ಸುರಕ್ಷಿತ.

ಹೆಬ್ಬಾಗಿಲು: ದೊಡ್ಡದು, ಆದರೆ ಸವೆಯುತ್ತಿದೆ

ಹಂಪಿಯ ಭೀಮನ ಹೆಬ್ಬಾಗಿಲಿಗೆ ಒಮ್ಮೆ ಹೋಗಿ ನಿಂತರೆ ಈ ಪದದ ತೂಕ ತಿಳಿಯುತ್ತದೆ. ನೇರವಾಗಿ ಒಳಗೆ ಹೋಗಲು ಆಗುವುದಿಲ್ಲ. ದಾರಿ ತಿರುಗುತ್ತದೆ, ಗೋಡೆ ಎದುರಾಗುತ್ತದೆ. ನುಗ್ಗಿ ಬರುವ ಸೈನ್ಯದ ವೇಗ ಮುರಿಯಲೆಂದೇ ಹೀಗೆ ಕಟ್ಟಿದ್ದಾರೆ. ಹೆಬ್ಬಾಗಿಲು ಅಂದರೆ ಬರೀ ಅಗಲವಾದ ಬಾಗಿಲಲ್ಲ. ಅಲ್ಲಿ ಕಾವಲು ಇದೆ, ತಡೆದು ಕೇಳುವವರು ಇದ್ದಾರೆ. ಕರಾವಳಿಯ ಗುತ್ತಿನ ಮನೆಗಳಲ್ಲೂ, ಅಂದರೆ ಊರಿನ ಹಿರಿತನದ ಮನೆಗಳಲ್ಲೂ, ಕೆತ್ತನೆಯ ಹೆಬ್ಬಾಗಿಲು ಇರುತ್ತದೆ. ಅದನ್ನು ದಾಟಿದ ಮೇಲೆ ನೀವು ಆ ಮನೆಯ ಮರ್ಯಾದೆಗೆ ಒಳಪಟ್ಟವರು.

ಪತ್ರಿಕೆಗಳು ಇದನ್ನು ಊರುಗಳಿಗೆ ಬಿರುದಾಗಿ ಕೊಟ್ಟವು. ಶಿವಮೊಗ್ಗ 'ಮಲೆನಾಡಿನ ಹೆಬ್ಬಾಗಿಲು'. ಇದು ಸರಿಯಾದ ಬಳಕೆಯೇ. ಬಯಲು ಮುಗಿದು ಕಾಡು ಶುರುವಾಗುವ ಕಡೆ ಆ ಊರು ಇದೆ. ಆದರೆ ಈಗ ಉದ್ಯೋಗದ ಹೆಬ್ಬಾಗಿಲು, ಪ್ರಗತಿಯ ಹೆಬ್ಬಾಗಿಲು, ಹೂಡಿಕೆಯ ಹೆಬ್ಬಾಗಿಲು ಅಂತ ಸಿಕ್ಕಿದ್ದಕ್ಕೆಲ್ಲ ಅಂಟಿಸಿ ಪದ ಸವೆದಿದೆ. ನನ್ನ ಸಲಹೆ ಇಷ್ಟೇ. ಈಚೆ ಒಂದು ನೆಲ, ಆಚೆ ಇನ್ನೊಂದು ನೆಲ, ನಡುವೆ ದಾಟಲೇಬೇಕಾದ ಒಂದು ಜಾಗ, ಇಷ್ಟು ಇದ್ದರೆ ಹೆಬ್ಬಾಗಿಲು ಅನ್ನಿ. ಇಲ್ಲದಿದ್ದರೆ 'ದಾರಿ' ಸಾಕು.

ಮುಂಬೈನ ಗೇಟ್‌ವೇ ಆಫ್ ಇಂಡಿಯಾವನ್ನು 'ಭಾರತದ ಹೆಬ್ಬಾಗಿಲು' ಎಂದು ಅನುವಾದಿಸುವವರಿದ್ದಾರೆ. 1924ರಲ್ಲಿ ಪೂರ್ಣಗೊಂಡ ಆ ಕಟ್ಟಡ ಹಡಗಿನಿಂದ ಇಳಿದವರನ್ನು ಎದುರುಗೊಳ್ಳಲು ನಿಂತದ್ದು. ಹಾಗಾಗಿ ಅರ್ಥ ಹೊಂದುತ್ತದೆ. ದೆಹಲಿಯ ಇಂಡಿಯಾ ಗೇಟ್‌ಗೆ ಮಾತ್ರ ಇದು ಹೊಂದುವುದಿಲ್ಲ. ಅದು ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕ, ಯಾವ ಊರಿಗೂ ಪ್ರವೇಶವಲ್ಲ. ಎರಡನ್ನೂ ಹೆಸರಿದ್ದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಬೇಕಿದ್ದರೆ ಪಕ್ಕದಲ್ಲಿ ಒಂದು ಮಾತು ವಿವರಿಸುವುದು ಒಳ್ಳೆಯದು.

ದ್ವಾರ ಮತ್ತು ಮಹಾದ್ವಾರ: ಸಮಾರಂಭಕ್ಕೆ

ದ್ವಾರ ಒಂಟಿಯಾಗಿ ಮಾತಿನಲ್ಲಿ ಬರುವುದು ಕಡಿಮೆ. 'ದ್ವಾರ ತೆಗಿ' ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ? ಅದಕ್ಕೆ ಮುಂದೆ ಇನ್ನೊಂದು ಪದ ಬೇಕು. ಮೈಸೂರು ಅರಮನೆಯನ್ನೇ ನೋಡಿ. ಆವರಣದ ಪ್ರವೇಶಗಳಿಗೆ ಜಯಮಾರ್ತಾಂಡ ದ್ವಾರ, ಬಲರಾಮ ದ್ವಾರ, ಜಯರಾಮ ದ್ವಾರ, ವರಾಹ ದ್ವಾರ ಎಂದು ಹೆಸರು. ಅದೇ ಅರಮನೆಯ ಕಟ್ಟಡದೊಳಗೆ ಆನೆ ಬಾಗಿಲು ಇದೆ. ಹೊರಗೆ ಮೆರವಣಿಗೆಗೆ ದ್ವಾರ, ಒಳಗೆ ಓಡಾಟಕ್ಕೆ ಬಾಗಿಲು. ಎರಡು ಪದಗಳ ಪಾಲು ಎಷ್ಟು ಚೆನ್ನಾಗಿ ಆಗಿದೆ ನೋಡಿ.

ಮಹಾದ್ವಾರದ ಸಹಜವಾದ ಜಾಗ ಸಾಹಿತ್ಯ ಸಮ್ಮೇಳನ. ಅಲ್ಲಿ ಹಿರಿಯ ಸಾಹಿತಿಗಳ ಹೆಸರಿನಲ್ಲಿ ಮಹಾದ್ವಾರ ಕಟ್ಟುತ್ತಾರೆ, ಸಮ್ಮೇಳನ ಮುಗಿದ ಮೇಲೆ ತೆಗೆಯುತ್ತಾರೆ. ಈ ಪದ ಒಬ್ಬರ ಹೆಸರನ್ನು ಹೊತ್ತುಕೊಳ್ಳಲು ತಯಾರಾಗಿ ಇರುತ್ತದೆ. ಹೊರನಾಡಿನ, ಹೊರದೇಶದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಬಟ್ಟೆ, ಬಿದಿರಿನಲ್ಲಿ ಪ್ರವೇಶ ಕಟ್ಟಿ ಯಾರದಾದರೂ ಹೆಸರು ಇಡುವುದಾದರೆ ಮಹಾದ್ವಾರವೇ ಸರಿ. ನಿಮ್ಮ ಊರಿನ ಕಲ್ಲಿನ ಕಟ್ಟಡಕ್ಕೂ ಒಬ್ಬ ಹಿರಿಯರ ಹೆಸರು ಇಡುತ್ತಿದ್ದರೆ ಇದನ್ನೇ ಇಡಿ. ಸುಮ್ನೆ ಊರ ಹೆಸರು ಮಾತ್ರ ಬರೆಸುವುದಾದರೆ ಮಹಾದ್ವಾರಕ್ಕೆ ಖರ್ಚು ಮಾಡುವ ಅಗತ್ಯ ಇಲ್ಲ.

'ತುರ್ತು ನಿರ್ಗಮನ ದ್ವಾರ' ಎಂಬುದು ನನಗೆ ಬಹಳ ಕಾಡುವ ಬರಹ. ಹೊಗೆ ತುಂಬಿದ ಕೋಣೆಯಲ್ಲಿ ಓದಬೇಕಾದ ಬೋರ್ಡು ಅದು. 'ತುರ್ತು ಬಾಗಿಲು' ಅಂದರೆ ಚಿಕ್ಕ ಮಗುವೂ ಓದಿ ಓಡುತ್ತದೆ. ಇಲ್ಲಿ ಎರಡು ಮಾತೇ ಇಲ್ಲ, ಬಾಗಿಲನ್ನೇ ಆರಿಸಿ.

ಕಮಾನು, ತೋರಣ, ಗೋಪುರ: ಮುಚ್ಚದವು

ಕಮಾನು ಫಾರಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಬಿಲ್ಲು ಎಂಬ ಅರ್ಥ. ವಿಜಯಪುರದ ಬಾರಾ ಕಮಾನ್ ನೋಡಿದವರಿಗೆ ಬಿಲ್ಲಿನ ಹೋಲಿಕೆ ಕಣ್ಣಿಗೇ ಕಾಣುತ್ತದೆ. ಎರಡನೇ ಅಲಿ ಆದಿಲ್‌ಶಾಹನ ಗೋರಿಗಾಗಿ ಶುರುವಾಗಿ ಅರ್ಧಕ್ಕೇ ನಿಂತ ಕಟ್ಟಡ ಅದು. ಮೇಲೆ ಬಾಗಿದ ಆಕಾರ ಇದ್ದು, ಕೆಳಗೆ ವಾಹನ ಓಡಾಡುವ ಊರ ಪ್ರವೇಶಕ್ಕೆ 'ಸ್ವಾಗತ ಕಮಾನು' ನೂರಕ್ಕೆ ನೂರು ನಿಜವಾದ ಪದ. ಬರೀ 'ಕಮಾನು' ಅಂತ ಬರೆಸಿದರೆ ಖರ್ಚೂ ಕಡಿಮೆ. ಮೇಲ್ಭಾಗ ಚಪ್ಪಟೆಯಾಗಿದ್ದರೆ ಮಾತ್ರ ಕಮಾನು ಅನ್ನಬೇಡಿ. ಲಾರಿಯವರ ನಡುವೆ ಕಮಾನು ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ಅದು ಊರಿನ ಬೋರ್ಡಿಗೆ ತೊಂದರೆ ಕೊಡುವುದಿಲ್ಲ.

ತೋರಣದ ಕಥೆ ಬೇರೆ. ಮಧ್ಯಪ್ರದೇಶದ ಸಾಂಚಿ ಸ್ತೂಪದ ಸುತ್ತ ನಾಲ್ಕು ಕಲ್ಲಿನ ತೋರಣಗಳಿವೆ. ವರಂಗಲ್ ಕೋಟೆಯ ಕಾಕತೀಯರ ತೋರಣ ತೆಲಂಗಾಣದ ಲಾಂಛನದಲ್ಲೂ ಇದೆ. ಶಿಲ್ಪದ ಬರಹದಲ್ಲಿ ತೋರಣ ಅಂದರೆ ಇಂಥ ಕಂಬ ಮತ್ತು ತೊಲೆಯ ಪ್ರವೇಶ. ಹೊಯ್ಸಳರ ಗುಡಿಗಳಲ್ಲಿ ಮೂರ್ತಿಯ ತಲೆಯ ಮೇಲೆ ಬಾಗಿದ ಮಕರ ತೋರಣವನ್ನೂ ನೋಡಿರುತ್ತೀರಿ. ಆದರೆ ಸಾಮಾನ್ಯ ಓದುಗರಿಗೆ ತೋರಣ ಅಂದ ಕೂಡಲೇ ನೆನಪಾಗುವುದು ಹಬ್ಬದ ದಿನದ ಮಾವಿನ ಎಲೆ. 'ತೋರಣದ ಕೆಳಗೆ ನಿಂತು ಕಾದಳು' ಅಂತ ಕಥೆಯಲ್ಲಿ ಬರೆದರೆ ಹಸಿರು ಎಲೆಯೇ ಕಣ್ಣಿಗೆ ಬರುತ್ತದೆ. ಕಲ್ಲಿನದು ಅಂತ ಹೇಳಬೇಕಿದ್ದರೆ 'ಕಲ್ಲಿನ ತೋರಣ' ಎಂದು ಪೂರ್ತಿ ಬರೆಯಿರಿ.

ಗೋಪುರವನ್ನು ದೇವಸ್ಥಾನದ ಪ್ರವೇಶಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರ ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರ್ ಎತ್ತರ. ಒಳಗಿನ ಚಿಕ್ಕದಾದ ರಾಯಗೋಪುರ ಕೃಷ್ಣದೇವರಾಯನ ಕಾಲದ್ದು, 1510ರದ್ದು. ಬೇಲೂರಿನ ಗೋಪುರ ಇನ್ನೂ ಹಳೆಯದು, 1397ರಲ್ಲಿ ಎರಡನೇ ಹರಿಹರನ ದಂಡನಾಯಕ ಗುಂಡ ಕಟ್ಟಿಸಿದ್ದು. ಮುರುಡೇಶ್ವರದ ರಾಜಗೋಪುರದಲ್ಲಂತೂ ಲಿಫ್ಟ್ ಇದೆ. ಇವೆಲ್ಲದರ ಕೆಳಗೆ ನಡೆದು ಹೋಗುವ ದಾರಿ ಇದೆ, ಅದೇ ಗೋಪುರದ ಲಕ್ಷಣ. ಈಗ ಗರ್ಭಗುಡಿಯ ಮೇಲಿನ ಶಿಖರಕ್ಕೂ ಗೋಪುರ ಅನ್ನುತ್ತಾರೆ, ಗಡಿಯಾರ ಗೋಪುರವೂ ಇದೆ. ಮಾತಿನಲ್ಲಿ ಇರಲಿ. ಪ್ರವಾಸಿ ಕೈಪಿಡಿಯಲ್ಲಿ ಮಾತ್ರ ಶಿಖರ ಮತ್ತು ಗೋಪುರ ಬೇರೆಬೇರೆಯಾಗಿಯೇ ಇರಲಿ. ಇಲ್ಲದಿದ್ದರೆ ಬಂದವರು ಬಾಗಿಲನ್ನು ನೋಡಿ ಗರ್ಭಗುಡಿ ಅಂದುಕೊಳ್ಳುತ್ತಾರೆ.

ಅಗಸಿ, ದಣಪೆ, ತಡಮೆ, ಕಿಂಡಿ: ನೆಲದ ಪದಗಳು

ಉತ್ತರ ಕರ್ನಾಟಕದ ಹಳ್ಳಿಗೆ ಹೋದರೆ ಊರ ಬಾಗಿಲಿಗೆ ಅಗಸಿ ಅನ್ನುತ್ತಾರೆ. ಅಗಸಿಯ ಪಕ್ಕ ಕಟ್ಟೆ, ಹತ್ತಿರದಲ್ಲೇ ಹನುಮಪ್ಪನ ಗುಡಿ, ಕಟ್ಟೆಯ ಮೇಲೆ ಕೂತ ಹಿರಿಯರು. ಹೊರಗಿನಿಂದ ಬಂದವನನ್ನು ಮೊದಲು ನೋಡುವವರು ಅವರೇ. ಮದುವೆಯ ದಿಬ್ಬಣ ಬಂದು ನಿಲ್ಲುವುದು ಅಲ್ಲಿ. ಈ ಒಂದು ಪದದಲ್ಲಿ ಊರಿನ ಇಡೀ ಮುಖ ಇದೆ. ಆ ಕಡೆಯ ಊರಿಗೆ ಕಮಾನು ಕಟ್ಟಿಸುತ್ತಿರುವವರಿಗೆ ನಾನು ಕೈಮುಗಿದು ಹೇಳುವುದು ಒಂದೇ: ಅಗಸಿ ಅಂತ ಬರೆಸಿ. ಮೂರು ಅಕ್ಷರ, ಒತ್ತಿಲ್ಲ, ನಿಮ್ಮದೇ ಪದ. ಮಹಾದ್ವಾರ ಎಂಬುದು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಗಸಿ ನಿಮ್ಮ ಊರಲ್ಲೇ ಇರುವುದು.

ಒಂದೇ ಎಚ್ಚರ. ಅಗಸಿ ಅಂದರೆ ಎಣ್ಣೆಕಾಳು ಕೂಡ ಹೌದು, ಅದರ ಚಟ್ನಿಪುಡಿ ರೊಟ್ಟಿಯ ಜೊತೆ ಇಲ್ಲದೆ ಆಗದು. ರಾಜ್ಯದ ಎಲ್ಲ ಕಡೆಯವರು ಓದುವ ಬರಹದಲ್ಲಿ ಮೊದಲ ಸಲ 'ಊರ ಅಗಸಿ' ಅಥವಾ 'ಅಗಸಿ ಬಾಗಿಲು' ಅಂತ ಬರೆದು, ಆಮೇಲೆ ಬರೀ ಅಗಸಿ ಅನ್ನಬಹುದು.

ಮಲೆನಾಡು ಮತ್ತು ಉತ್ತರ ಕನ್ನಡದ ತೋಟ, ಗದ್ದೆಗಳಿಗೆ ಹೋಗುವ ಕಡೆ ಎರಡು ಕಂಬದ ನಡುವೆ ಬಿದಿರಿನ ಗಳಗಳನ್ನು ಅಡ್ಡ ತೂರಿಸಿರುತ್ತಾರೆ. ಅದು ದಣಪೆ. ಕೆಲವು ಕಡೆ ಉಣುಗೋಲು. ದನ ಒಳಗೆ ಬರಬಾರದು, ಮನುಷ್ಯ ಗಳ ಸರಿಸಿ ಹೋಗಬಹುದು. ದಕ್ಷಿಣ ಕನ್ನಡದ ಕಡೆ ಬೇಲಿಯ ನಡುವೆ ಹತ್ತಿ ಇಳಿದು ದಾಟುವ ಜಾಗ ತಡಮೆ. ಕಥೆ ಬರೆಯುವವರಿಗೆ ಇವು ದುಡ್ಡು ಕೊಟ್ಟರೂ ಸಿಗದ ಪದಗಳು. 'ಗೇಟು ತೆಗೆದು ಒಳಗೆ ಬಂದ' ಎಂಬ ವಾಕ್ಯಕ್ಕೂ 'ದಣಪೆ ಸರಿಸಿ ಒಳಗೆ ಬಂದ' ಎಂಬ ವಾಕ್ಯಕ್ಕೂ ಎಷ್ಟು ವ್ಯತ್ಯಾಸ! ಎರಡನೆಯದರಲ್ಲಿ ಅವನ ಕೈ ಕಾಣುತ್ತದೆ, ತೋಟ ಕಾಣುತ್ತದೆ. ಬಯಲುಸೀಮೆಯ ಕಥೆಯಲ್ಲಿ ಮಾತ್ರ ಇವನ್ನು ಹಾಕಬೇಡಿ.

ಕಿಂಡಿ ಒಬ್ಬರಿಗೆ ಮಾತ್ರ ದಾರಿ. ಚಿತ್ರದುರ್ಗದಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದದ್ದರಿಂದಲೇ ಓಬವ್ವನ ಒನಕೆಗೆ ಅವರು ಸಿಕ್ಕರು. ಬಾಗಿಲಾಗಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ. ಉಡುಪಿಯ ಕನಕನ ಕಿಂಡಿಯಲ್ಲಿ ದಾಟುವುದು ದೇಹವಲ್ಲ, ನೋಟ. ಕಳ್ಳದಾರಿ, ಇಕ್ಕಟ್ಟು, ಒಬ್ಬಂಟಿತನ, ಕದ್ದು ನೋಡುವುದು ಇಂಥದ್ದೆಲ್ಲ ಬೇಕಿದ್ದರೆ ಕಿಂಡಿಯನ್ನು ಆರಿಸಿ. ಕೋಟೆಯ ಪಕ್ಕದ ಚಿಕ್ಕ ಬಾಗಿಲಿಗೆ ದಿಡ್ಡಿ ಬಾಗಿಲು ಎಂಬ ಪದವೂ ಇದೆ. ರಾತ್ರಿ ದೊಡ್ಡ ಬಾಗಿಲು ಹಾಕಿದ ಮೇಲೆ ಓಡಾಟ ಅದರಲ್ಲೇ.

ದರವಾಜಾ ವಿಷಯ ಚಿಕ್ಕದು. ವಿಜಯಪುರದ ಮೆಕ್ಕಾ ದರವಾಜಾ, ರಾಯಚೂರಿನ ನವರಂಗ ದರವಾಜಾ, ಬೀದರ ಕೋಟೆಯ ಗುಂಬದ್ ದರವಾಜಾ ಇವೆಲ್ಲ ಹೆಸರುಗಳು. ಹೆಸರನ್ನು ಬದಲಿಸಬೇಡಿ. ವಿವರಣೆ ಬರೆಯುವಾಗ ಬಾಗಿಲು ಅನ್ನಿ.

ಗೇಟು ಈಗ ಕನ್ನಡದ್ದೇ. ಕಬ್ಬಿಣದ್ದು, ಕೀಲು ಇರುವುದು, ಕಾಂಪೌಂಡಿನದು ಅಂದರೆ ಗೇಟೇ. ಅದಕ್ಕೆ ಬೇರೆ ಪದ ಹುಡುಕಿದರೆ ಕೃತಕ ಆಗುತ್ತದೆ. ಬೆಂಗಳೂರಿನ ಹಲಸೂರು ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾಯಿತು, 'ಹಲಸೂರು ಗೇಟ್' ಎಂಬ ಹೆಸರು ಪೊಲೀಸ್ ಠಾಣೆಗೂ ಅಂಟಿಕೊಂಡು ಉಳಿದಿದೆ. ನೀರಿನ ವಿಷಯದಲ್ಲೂ ಹಾಗೆಯೇ. ಕೆರೆಗಾದರೆ ತೂಬು, ಅಣೆಕಟ್ಟಿಗಾದರೆ ಗೇಟು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದಾಗ ಹೊಲದ ರೈತರೂ 'ಕ್ರಸ್ಟ್ ಗೇಟ್' ಅಂತಲೇ ಮಾತಾಡಿದರು.

ಕಲ್ಪನೆಯ ಬಾಗಿಲುಗಳು

ಇಲ್ಲಿ ಅನುವಾದಕರಿಗೂ ಕಥೆಗಾರರಿಗೂ ನಿಜವಾದ ಆಯ್ಕೆ ಇದೆ. ಆಚೆಯ ಲೋಕ ಎಂಥದ್ದು ಎಂಬುದರ ಮೇಲೆ ಪದ ನಿಲ್ಲುತ್ತದೆ.

ಶಾಸ್ತ್ರ, ಪೂಜೆ, ವ್ರತ ಇರುವ ಕಡೆ ದ್ವಾರ. ವೈಕುಂಠ ಏಕಾದಶಿಯ ದಿನ ತೆರೆಯುವುದು ವೈಕುಂಠ ದ್ವಾರ, ಅದಕ್ಕೆ ಜಯ ವಿಜಯರೆಂಬ ದ್ವಾರಪಾಲಕರು. ಗೀತೆಯಲ್ಲಿ ದೇಹ ಒಂಬತ್ತು ದ್ವಾರಗಳ ಪಟ್ಟಣ. ಅದೇ ಗೀತೆಯಲ್ಲಿ ಕಾಮ, ಕ್ರೋಧ, ಲೋಭ ನರಕದ ಮೂರು ದ್ವಾರಗಳು. ಆದರೆ ಈ ಮಾತುಗಳು ಜನರ ಬಾಯಿಗೆ ಬಂದಾಗ ದ್ವಾರ ಕರಗಿ ಬಾಗಿಲಾಗುತ್ತದೆ. ತತ್ವಪದ ಹಾಡುವವರಿಗೆ ದೇಹ ಒಂಬತ್ತು ಬಾಗಿಲ ಮನೆ. ಕನ್ನಡ ಬೈಬಲ್ಲಿನಲ್ಲಿ ಜೀವಕ್ಕೆ ಕರೆದೊಯ್ಯುವುದು 'ಇಕ್ಕಟ್ಟಾದ ಬಾಗಿಲು'. ಓದುಗನ ಎದೆಗೆ ಹತ್ತಿರ ಆಗಬೇಕಿದ್ದರೆ ಬಾಗಿಲು, ಅವನನ್ನು ಕೈಮುಗಿದು ದೂರ ನಿಲ್ಲಿಸಬೇಕಿದ್ದರೆ ದ್ವಾರ. ನನ್ನ ಮಟ್ಟಿಗೆ ಇಷ್ಟು ಸರಳ ಇದು.

ಬೆರಗು, ಭಯ, ನೆಲದಡಿಯ ಲೋಕ ಇದ್ದರೆ ಬಾಗಿಲನ್ನೂ ಬಿಡಿ. ನಮ್ಮ ಕಥೆಗಳಲ್ಲಿ ಅಂಥ ಕಡೆ ಬಿಲ ಇದೆ, ಹುತ್ತ ಇದೆ, ಬಾವಿ ಇದೆ. ರಾಮಾಯಣದಲ್ಲಿ ವಾಲಿ ಮಾಯಾವಿ ಎಂಬ ಅಸುರನನ್ನು ಅಟ್ಟಿಸಿಕೊಂಡು ಬಿಲದೊಳಗೆ ಹೋಗುತ್ತಾನೆ. ಹೊರಗೆ ಕಾಯುತ್ತಿದ್ದ ಸುಗ್ರೀವ ಅಣ್ಣ ಸತ್ತನೆಂದು ತಿಳಿದು ಬಿಲದ ಬಾಯಿಗೆ ಬಂಡೆ ಮುಚ್ಚಿ ಬರುತ್ತಾನೆ. ಆ ಬಂಡೆಯಿಂದಲೇ ಕಿಷ್ಕಿಂಧೆಯ ಜಗಳ ಎಲ್ಲ ಹುಟ್ಟುವುದು. ಮುಂದೆ ಸೀತೆಯನ್ನು ಹುಡುಕುತ್ತ ಹೊರಟ ವಾನರರು ಬಾಯಾರಿ ಇನ್ನೊಂದು ಬಿಲಕ್ಕೆ ಇಳಿಯುತ್ತಾರೆ. ಒಳಗೆ ಬೆಳಕಿನ ತೋಟ, ಸ್ವಯಂಪ್ರಭೆ ಎಂಬ ತಪಸ್ವಿನಿ. ತಾವಾಗಿ ಹೊರಗೆ ಬರಲು ಆಗುವುದಿಲ್ಲ. ಕಣ್ಣು ಮುಚ್ಚಿಕೊಳ್ಳಿ ಅಂತ ಹೇಳಿ ಅವಳೇ ಹೊರಗೆ ಬಿಡುತ್ತಾಳೆ. ಆ ಕಿಷ್ಕಿಂಧೆಯನ್ನು ಜನ ಗುರುತಿಸುವುದು ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ. ಬಾಗಿಲಿಗೆ ಇಲ್ಲದ ಒಂದು ಗುಣ ಬಿಲಕ್ಕಿದೆ. ಒಳಗೆ ಹೋಗುವುದು ಸುಲಭ, ಬರುವುದು ನಮ್ಮ ಕೈಯಲ್ಲಿಲ್ಲ. ನಿಮ್ಮ ಕಥೆಯ ಹುಡುಗಿ ಹಾಗೆ ಸಿಕ್ಕಿಹಾಕಿಕೊಳ್ಳುತ್ತಾಳೆ ಎಂದಾದರೆ ಅವಳನ್ನು ಬಿಲಕ್ಕೋ ಹುತ್ತದ ಬಾಯಿಗೋ ಕಳಿಸಿ. ದಿನಾ ಶಾಲೆ ಮುಗಿಸಿ ಹೋಗಿ ರಾತ್ರಿ ಊಟಕ್ಕೆ ವಾಪಸ್ ಬರುತ್ತಾಳೆ ಎಂದಾದರೆ 'ಮಾಯದ ಬಾಗಿಲು' ಚೆನ್ನ.

'ಮಾಯಾದ್ವಾರ' ಕೇಳಲು ಗಂಭೀರ, ಮಂತ್ರವಾದಿಯ ಬಾಯಿಗೆ ಹೊಂದುತ್ತದೆ. ಆದರೆ ಎಂಟು ವರ್ಷದ ಮಗು ಅದನ್ನು ಹೇಳುವುದಿಲ್ಲ. ಒಂದೇ ಕಥೆಯಲ್ಲಿ ಎರಡನ್ನೂ ಇಡಬಹುದು: ಮಂತ್ರವಾದಿ ಮಾಯಾದ್ವಾರ ಅನ್ನಲಿ, ಮಗು ಬಾಗಿಲು ಅನ್ನಲಿ. ಪೋರ್ಟಲ್ ಎಂಬ ಪದವನ್ನು ವಿಜ್ಞಾನದ ಕಥೆಗೆ ಮಾತ್ರ ಉಳಿಸಿಕೊಳ್ಳಿ. ಯಂತ್ರ ಇದೆ, ಗುಂಡಿ ಒತ್ತುತ್ತಾರೆ, ಬೆಳಕು ಸುತ್ತುತ್ತದೆ ಎಂದಾದರೆ ಸರಿ. ಕಾಡಿನ ಕಥೆಯಲ್ಲಿ ಅದು ಬಂದರೆ ಓದುವ ಮಗುವಿಗೆ ಸೇವಾ ಸಿಂಧು ಪೋರ್ಟಲ್ ನೆನಪಾಗದಿದ್ದರೂ ಓದಿ ಹೇಳುವ ಅಪ್ಪ ಅಮ್ಮನಿಗೆ ನೆನಪಾಗುತ್ತದೆ.

ಕಾಲದ ಬಾಗಿಲಿಗೆ ಹೊಸ್ತಿಲು. 'ಹೊಸ ವರ್ಷದ ಹೊಸ್ತಿಲಲ್ಲಿ', 'ಯೌವನದ ಹೊಸ್ತಿಲಲ್ಲಿ' ಅನ್ನುತ್ತೇವೆ. ಇನ್ನೂ ದಾಟಿಲ್ಲ, ಕಾಲು ಎತ್ತಿದೆ ಅಷ್ಟೇ ಎಂಬ ಕ್ಷಣ ಅದು. ಮಾರ್ಗಶಿರದ ಹುಣ್ಣಿಮೆಗೆ ಹೊಸ್ತಿಲ ಹುಣ್ಣಿಮೆ ಎಂಬ ಹೆಸರೇ ಇದೆ, ಅವತ್ತು ಹೊಸ್ತಿಲಿಗೆ ಪೂಜೆ. ದಾಟಿ ಆದ ಮೇಲಿನ ಸಂಗತಿಗೆ ಹೊಸ್ತಿಲು ಬಳಸಬೇಡಿ. 'ಹೊಸ್ತಿಲಲ್ಲಿ ಹತ್ತು ವರ್ಷ ಕಳೆದರು' ಎಂಬುದು ಸರಿ ಹೋಗುವುದಿಲ್ಲ.

ಇನ್ನೂ ತೀರ್ಮಾನ ಆಗದಿದ್ದರೆ

ಆ್ಯಪ್, ಜಾಲತಾಣಗಳ ಕನ್ನಡ ಮಾಡುವವರು ಪೇಮೆಂಟ್ ಗೇಟ್‌ವೇಗೆ 'ಪಾವತಿ ಹೆಬ್ಬಾಗಿಲು' ಅಂತ ಬರೆಯುವ ಆಸೆ ಬಿಡಬೇಕು. ದುಡ್ಡು ಕಟ್ಟುವ ಗಾಬರಿಯಲ್ಲಿ ಇರುವವರಿಗೆ 'ಪೇಮೆಂಟ್ ಪುಟ' ಅಂದರೆ ಸಾಕು. ಅಲ್ಲಿ ಅವರು ಮಾಡುವುದು ದಾಟುವ ಕೆಲಸ ಅಲ್ಲ, ತುಂಬುವ ಕೆಲಸ.

ಊರ ಸಮಿತಿಯವರು ಹೀಗೆ ಮಾಡಬಹುದು. ಆಯ್ಕೆಯ ಎರಡೋ ಮೂರೋ ಪದಗಳನ್ನು ಕಾಗದದ ಪಟ್ಟಿಗಳಲ್ಲಿ ದೊಡ್ಡದಾಗಿ ಬರೆದು ಕಮಾನಿಗೆ ಅಂಟಿಸಿ, ರಸ್ತೆಯ ಆಚೆ ನಿಂತು ಓದಿ ನೋಡಿ. ಆಮೇಲೆ ಊರಿನ ಒಬ್ಬ ಅಜ್ಜಿಯ ಹತ್ತಿರ ಹೋಗಿ, 'ಅಜ್ಜಿ, ಬಸ್ಸು ನಿಮ್ಮನ್ನು ಎಲ್ಲಿ ಇಳಿಸುತ್ತದೆ?' ಅಂತ ಕೇಳಿ. ಅವರು ಅಗಸಿ ಅಂದರೆ ಅಗಸಿ ಅಂತ, ಬಾಗಿಲು ಅಂದರೆ ಬಾಗಿಲು ಅಂತ, ಗೇಟು ಅಂದರೆ ಗೇಟು ಅಂತ ಕಲ್ಲು ಕೆತ್ತುವವರಿಗೆ ಹೇಳಿ.